ಬಿಗಿಯಿಲ್ಲದ ಬಲ: ಗರಡಿಯಲ್ಲಿ ಮೈ ಸಡಿಲಿಸುವ ಅಭ್ಯಾಸ

ಸುಗ್ಗಿ ಮುಗಿದು ಜಾತ್ರೆಗಳು ಆರಂಭವಾದೊಡನೆ ನಮ್ಮ ಕಡೆಯ ಊರುಗಳಲ್ಲಿ ಕುಸ್ತಿಯ ಕಣಗಳು ಸಿದ್ಧವಾಗುತ್ತವೆ. ಹಲಗೆಯ ಸದ್ದಿಗೆ ಜನ ಸೇರುತ್ತಾರೆ, ಜೋಡಿಗಳು ಕೈ ಕೂಡಿಸುತ್ತವೆ. ಈ ಸಲ ಕಣದ ಅಂಚಿನಲ್ಲಿ ಕುಳಿತಾಗ ಸದ್ಭಕ್ತರು ಒಂದು ಸಂಗತಿಯನ್ನು ಗಮನಿಸಬೇಕು. ಇಬ್ಬರು ಪೈಲ್ವಾನರಲ್ಲಿ ಯಾರ ಹೆಗಲುಗಳು ಪಟ್ಟು ಹಾಕುವ ಮೊದಲೇ ಕಿವಿಯತ್ತ ಏರಿರುತ್ತವೆಯೋ, ಯಾರ ದವಡೆ ಕಚ್ಚಿಕೊಂಡಿರುತ್ತದೆಯೋ, ಅವನು ಬಹುಮಟ್ಟಿಗೆ ನಾಲ್ಕಾರು ನಿಮಿಷಗಳಲ್ಲಿಯೇ ಬಾಯಿ ತೆರೆದು ಏದುಸಿರು ಬಿಡತೊಡಗುತ್ತಾನೆ. ಎದುರಾಳಿಯು ತೂಕದಲ್ಲಿ ಹಗುರನಾಗಿದ್ದರೂ ಮೈಯನ್ನು ಸಡಿಲವಾಗಿರಿಸಿಕೊಂಡು ಸುತ್ತುತ್ತಿರುತ್ತಾನೆ. ಬೇಕಾದ ಒಂದು ಕ್ಷಣದಲ್ಲಿ ಮಾತ್ರ ಇಡೀ ಬಲವನ್ನು ಒಂದೆಡೆಗೆ ತರುತ್ತಾನೆ. ಮರುಕ್ಷಣ ಮತ್ತೆ ಸಡಿಲನಾಗುತ್ತಾನೆ. ನೋಡುವವರಿಗೆ ಮೊದಲನೆಯವನು ಶೂರನಂತೆಯೂ ಎರಡನೆಯವನು ಉದಾಸೀನನಂತೆಯೂ ಕಾಣುವುದುಂಟು.

ಮೂರು ದಶಕಗಳಿಗೂ ಮಿಕ್ಕ ನಮ್ಮ ವೈದ್ಯವೃತ್ತಿಯಲ್ಲಿ ಗರಡಿಯ ಹುಡುಗರನ್ನು ಬಹಳವಾಗಿ ಕಂಡಿದ್ದೇವೆ. ಇತ್ತೀಚಿನ ವರ್ಷಗಳಲ್ಲಿ ಕರಾಟೆ, ಜೂಡೋ ಕಲಿಯುವ ಶಾಲೆಯ ಮಕ್ಕಳೂ ಬರುತ್ತಿದ್ದಾರೆ. ಅವರಲ್ಲಿ ಹೆಣ್ಣುಮಕ್ಕಳ ಸಂಖ್ಯೆ ಹೆಚ್ಚುತ್ತಿರುವುದು ಸಂತೋಷದ ವಿಷಯ. ಇವರು ತರುವ ದೂರುಗಳಲ್ಲಿ ಪೆಟ್ಟು ತಾಗಿ ಆದ ನೋವು ಕಡಿಮೆ. ಕುತ್ತಿಗೆ ಹಿಡಿದಿರುವುದು, ಹೆಗಲ ನಡುವಿನ ಉರಿ, ಸಂಜೆಯ ತಲೆನೋವು, ದವಡೆಯ ಸಂದಿನ ನೋವು, ದಣಿದು ಮಲಗಿದರೂ ಬಾರದ ನಿದ್ರೆ, ಇವೇ ಹೆಚ್ಚು. ಇವೆಲ್ಲಕ್ಕೂ ಮೂಲವು ಅನೇಕ ವೇಳೆ ಒಂದೇ: ಕೆಲಸಕ್ಕೆ ಬೇಡವಾದ ಬಿಗಿ.

ಬಿಗಿ ಎಂದರೇನು ಎಂಬುದನ್ನು ಮೊದಲು ತಿಳಿಯೋಣ. ಇಲ್ಲಿ ಒಂದು ಪದದ ವಿಚಾರವನ್ನೂ ಹೇಳಿಬಿಡುವುದು ಒಳ್ಳೆಯದು. ಇಂದಿನ ಪತ್ರಿಕೆಗಳು ಸ್ನಾಯು ಎಂದು ಬರೆಯುವುದನ್ನು ಆಯುರ್ವೇದವು ಮಾಂಸಪೇಶಿ ಎನ್ನುತ್ತದೆ. ನಮ್ಮ ಶಾಸ್ತ್ರದಲ್ಲಿ ಸ್ನಾಯು ಎಂದರೆ ಸಂಧಿಗಳನ್ನು ಬಂಧಿಸುವ ನಾರಿನಂತಹ ಭಾಗ. ಈ ಲೇಖನದಲ್ಲಿ ಪೇಶಿ ಎಂಬ ಪದವನ್ನೇ ಬಳಸುತ್ತೇವೆ. ಪೇಶಿಗಳು ಹೆಚ್ಚಾಗಿ ಎದುರುಬದುರಾಗಿ ಜೋಡಿಗೊಂಡಿವೆ. ತೋಳಿನ ಮುಂಭಾಗದ ಪೇಶಿಯು ಮೊಣಕೈಯನ್ನು ಮಡಿಸುತ್ತದೆ, ಹಿಂಭಾಗದ್ದು ಚಾಚುತ್ತದೆ. ಕೈ ಚಾಚಿ ಹೊಡೆಯಬೇಕಾದರೆ ಹಿಂಭಾಗದ ಪೇಶಿ ಸಂಕೋಚಗೊಳ್ಳಬೇಕು, ಅದೇ ಕ್ಷಣದಲ್ಲಿ ಮುಂಭಾಗದ್ದು ದಾರಿ ಬಿಟ್ಟುಕೊಡಬೇಕು. ಈ ಕೊಡು-ಕೊಳ್ಳುವಿಕೆಯನ್ನು ನರಮಂಡಲವು ತಾನಾಗಿಯೇ ನಡೆಸುತ್ತದೆ ಎಂಬುದನ್ನು ವಿಶದಪಡಿಸಿದವರಲ್ಲಿ ಪ್ರಮುಖನು ಇಂಗ್ಲೆಂಡಿನ ಶೆರಿಂಗ್ಟನ್; ನರಕೋಶಗಳ ಕಾರ್ಯವನ್ನು ಕುರಿತ ಸಂಶೋಧನೆಗಾಗಿ 1932ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕವು ಸಂದಿತು. ಹೊಸಬನು ಭಯದಿಂದಲೋ ಹುಮ್ಮಸ್ಸಿನಿಂದಲೋ ಮೈಯೆಲ್ಲ ಬಿಗಿದಾಗ ಎರಡೂ ಪೇಶಿಗಳು ಒಟ್ಟಿಗೆ ಎಳೆಯುತ್ತವೆ. ಎತ್ತುಗಳು ಮುಂದಕ್ಕೆ ಎಳೆಯುತ್ತಿರುವಾಗ ಗಾಲಿಗೆ ಕಲ್ಲು ಕೊಟ್ಟಂತೆ ಅದು. ಶ್ರಮ ಇಮ್ಮಡಿ, ವೇಗ ಅರ್ಧ. ಒಳ್ಳೆಯ ಕರಾಟೆ ಗುರುಗಳು ಮುಷ್ಟಿಯನ್ನು ಗುರಿ ತಲುಪುವ ಕ್ಷಣದಲ್ಲಿ ಮಾತ್ರ ಬಿಗಿಸಿರಿ ಎಂದು ಕಲಿಸುವುದು ಇದೇ ಕಾರಣಕ್ಕೆ.

ಇನ್ನೊಂದು ತೊಂದರೆಯೂ ಇದೆ. ಬಲವಾಗಿ ಸಂಕೋಚಗೊಂಡೇ ಉಳಿದ ಪೇಶಿಯು ತನ್ನೊಳಗಿನ ರಕ್ತನಾಳಗಳನ್ನು ತಾನೇ ಒತ್ತಿಹಿಡಿಯುತ್ತದೆ. ಹೊಸ ರಕ್ತವು ಒಳಗೆ ಬಾರದು, ಮಲಿನಾಂಶವು ಹೊರಗೆ ಹೋಗದು. ಎದುರಾಳಿಯ ಮಣಿಕಟ್ಟನ್ನು ಬಿಡದೆ ಹಿಂಡಿ ಹಿಡಿದವನ ಮುಂದೋಳು ಒಂದೆರಡು ನಿಮಿಷಗಳಲ್ಲಿ ಮರಗಟ್ಟುವುದು ಇದರಿಂದಲೇ. ಹಿಡಿತದ ಬಿಗಿಯೊಡನೆ ಉಸಿರೂ ಕಟ್ಟಿದರೆ ರಕ್ತದೊತ್ತಡವು ಒಮ್ಮೆಲೇ ಏರುತ್ತದೆ. ಇಪ್ಪತ್ತರ ಹರೆಯದ ಆರೋಗ್ಯವಂತನು ಅದನ್ನು ಸಹಿಸಿಕೊಳ್ಳಬಹುದು. ಐವತ್ತು ದಾಟಿದವರ ಮಾತು ಬೇರೆ. ಅದನ್ನು ಮುಂದೆ ಹೇಳುತ್ತೇವೆ.

ಆಯುರ್ವೇದವು ಈ ವಿಷಯವನ್ನು ವಾಯುವಿನ ಭಾಷೆಯಲ್ಲಿ ಹೇಳುತ್ತದೆ. ಅಂಗಗಳನ್ನು ಎತ್ತುವುದು, ಇಳಿಸುವುದು, ಮಡಿಸುವುದು, ಚಾಚುವುದು ವ್ಯಾನವಾಯುವಿನ ಕಾರ್ಯ. ಎದೆಯಲ್ಲಿರುವ ಉದಾನವಾಯುವು ಪ್ರಯತ್ನಕ್ಕೂ ಬಲಕ್ಕೂ ಕಾರಣ. ಉಸಿರನ್ನು ಕಟ್ಟಿ ಮಾಡಿದ ಕೆಲಸದಲ್ಲಿ ಇವೆರಡರ ಗತಿಗೂ ಅಡ್ಡಿಯಾಗುತ್ತದೆ. ಶಾಸ್ತ್ರದ ಪರಿಭಾಷೆ ಬೇರೆ, ಇಂದಿನ ಶರೀರವಿಜ್ಞಾನದ ಪರಿಭಾಷೆ ಬೇರೆ; ಒಂದನ್ನು ಇನ್ನೊಂದಕ್ಕೆ ಅಂಟಿಸಿ ಎರಡೂ ಒಂದೇ ಎನ್ನುವ ಚಟ ನಮಗಿಲ್ಲ. ಆದರೆ ಸಾಧಕನಿಗೆ ಎರಡೂ ಕೊಡುವ ಸೂಚನೆ ಒಂದೇ: ಉಸಿರು ನಿಂತಲ್ಲಿ ಮೈ ಕಟ್ಟಿಕೊಳ್ಳುತ್ತದೆ.

ವ್ಯಾಯಾಮದ ಪ್ರಮಾಣವನ್ನು ಕುರಿತು ಸುಶ್ರುತರು ಹೇಳಿರುವುದು ನಮ್ಮ ಗರಡಿಗಳಲ್ಲಿ ಇನ್ನಷ್ಟು ಪ್ರಚಾರವಾಗಬೇಕು. ತನ್ನ ಬಲದ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕೆಂಬುದು ಅವರ ಮತ. ಅರ್ಧವಾಯಿತೆಂದು ತಿಳಿಯುವುದು ಹೇಗೆ? ಹೃದಯಸ್ಥಾನದ ವಾಯುವು ಬಾಯಿಗೆ ಬಂದಾಗ, ಅಂದರೆ ಮೂಗಿನಿಂದ ನಡೆಯುತ್ತಿದ್ದ ಉಸಿರು ಸಾಲದೆ ಬಾಯಿ ತೆರೆಯಬೇಕಾದಾಗ, ಅರ್ಧ ಮುಗಿದಂತೆ. ಹಣೆ, ಮೂಗು, ಕಂಕುಳು, ಸಂದುಗಳಲ್ಲಿ ಬೆವರು ಮೂಡುವುದನ್ನೂ ಬಾಯಿ ಒಣಗುವುದನ್ನೂ ಲಕ್ಷಣಗಳಾಗಿ ಪರಿಗಣಿಸುವ ಸಂಪ್ರದಾಯವಿದೆ. ಬಲಿಷ್ಠರಾಗಿ ಸ್ನಿಗ್ಧಾಹಾರ ಸೇವಿಸುವವರು ಕೂಡ ಚಳಿಗಾಲ ಮತ್ತು ವಸಂತದಲ್ಲಿ ಅರ್ಧಬಲದವರೆಗೂ, ಉಳಿದ ಋತುಗಳಲ್ಲಿ ಅದಕ್ಕಿಂತ ಮಂದವಾಗಿಯೂ ವ್ಯಾಯಾಮ ಮಾಡಬೇಕೆಂದು ಅಷ್ಟಾಂಗಹೃದಯಕಾರರಾದ ವಾಗ್ಭಟರು ಹೇಳುತ್ತಾರೆ. ಪಂದ್ಯಕ್ಕೆ ಸಿದ್ಧನಾಗುವ ಪೈಲ್ವಾನನು ಈ ಗೆರೆಯೊಳಗೇ ಇರಲಾರ ಎಂಬುದು ನಮಗೆ ಗೊತ್ತು. ಅವನಿಗೆ ವಾರದಲ್ಲಿ ಒಂದೆರಡು ದಿನ ಗೆರೆ ದಾಟುವ ಅಗತ್ಯವಿದೆ. ಆದರೆ ಕಲಿಯುವ ಕಾಲದಲ್ಲಿ, ಹೊಸ ಪಟ್ಟನ್ನು ಮೈಗೂಡಿಸಿಕೊಳ್ಳುವ ಹೊತ್ತಿನಲ್ಲಿ, ಅರ್ಧಬಲವೇ ಸರಿ. ಪೂರ್ಣಬಲದಲ್ಲಿ ದೇಹವು ಹೊಸದನ್ನು ಕಲಿಯುವುದಿಲ್ಲ. ಹಳೆಯ ಬಿಗಿಯನ್ನೇ ಗಟ್ಟಿಮಾಡಿಕೊಳ್ಳುತ್ತದೆ.

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ವ್ಯಾಯಾಮವನ್ನು ಯಾರು ಮಾಡಬಾರದೆಂಬ ಪಟ್ಟಿಯೊಂದಿದೆ. ಅದರಲ್ಲಿ ಬಾಲಕರು, ವೃದ್ಧರು, ಹಸಿದವರು, ಬಾಯಾರಿದವರು ಇರುವುದು ಸಹಜವೇ. ನಮ್ಮನ್ನು ಯಾವಾಗಲೂ ತಡೆದು ನಿಲ್ಲಿಸುವುದು ಅದೇ ಪಟ್ಟಿಯಲ್ಲಿರುವ ಮತ್ತೊಂದು ವರ್ಗ: ಕ್ರೋಧ, ಶೋಕ, ಭಯಗಳಿಗೆ ಒಳಗಾದವರು. ಭಯದಲ್ಲಿರುವವನು ವ್ಯಾಯಾಮ ಮಾಡಬಾರದು ಎಂಬ ಮಾತನ್ನು ಇಂದಿನ ತರಬೇತಿ ಕೇಂದ್ರಗಳ ಬಾಗಿಲಲ್ಲಿ ನಿಂತು ನೆನೆದುಕೊಳ್ಳಿರಿ. ಎಷ್ಟು ಕಡೆ ಮಕ್ಕಳು ಬೈಗುಳದ ಭಯದಲ್ಲಿಯೇ ಕಾಲೆತ್ತುತ್ತಿಲ್ಲ? ಗುರುವಿನ ಕೈಯಲ್ಲಿ ಕೋಲು, ಕಟ್ಟೆಯ ಮೇಲೆ ತಂದೆಯ ಕೂಗು. ಭಯಪಟ್ಟ ಮಗುವಿನ ಹೆಗಲು ಏರುತ್ತದೆ, ಹೊಟ್ಟೆ ಗಟ್ಟಿಯಾಗುತ್ತದೆ, ಉಸಿರು ಗಂಟಲಿನಲ್ಲಿ ನಿಲ್ಲುತ್ತದೆ. ಆಮೇಲೆ ‘ಸಡಿಲ ಬಿಡು’ ಎಂದು ಅದಕ್ಕೆ ಗದರಿಸುವುದರಿಂದ ಏನಾದೀತು?

ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳನ್ನು ತಾಯಿ ನಮ್ಮಲ್ಲಿಗೆ ಕರೆತಂದಿದ್ದರು. ಎರಡು ವರ್ಷ ಕರಾಟೆ ಕಲಿತವಳು. ವಾರಕ್ಕೆ ಮೂರು ಸಂಜೆ ತಲೆನೋವು, ಬೆಳಿಗ್ಗೆ ಎದ್ದಾಗ ದವಡೆ ನೋವು. ಕಣ್ಣಿನ ಪರೀಕ್ಷೆಯಾಗಿತ್ತು, ದೋಷವಿರಲಿಲ್ಲ. ಹೆಗಲ ಮೇಲೆ ಕೈಯಿಟ್ಟರೆ ಪೇಶಿಗಳು ಹಲಗೆಯಂತಿದ್ದವು. ತಲೆನೋವು ಬರುವ ಸಂಜೆಗಳು ಯಾವುವೆಂದು ಕೇಳಿದೆವು. ತರಗತಿಯ ಸಂಜೆಗಳೇ ಆಗಿದ್ದವು. ತಂದೆ ಆ ದಿನಗಳಲ್ಲಿ ಜೊತೆಗೆ ಹೋಗಿ ಕುಳಿತು, ಪ್ರತಿಯೊಂದು ತಪ್ಪನ್ನೂ ಅಲ್ಲಿಂದಲೇ ಕೂಗಿ ಹೇಳುತ್ತಿದ್ದರಂತೆ. ಒಳ್ಳೆಯ ಮನುಷ್ಯರು, ಮಗಳು ಯಾರಿಗೂ ಅಂಜದವಳಾಗಲಿ ಎಂಬ ಹಂಬಲ ಅವರದು. ಹೆಗಲು-ಕುತ್ತಿಗೆಗಳಿಗೆ ಎಳ್ಳೆಣ್ಣೆಯ ಅಭ್ಯಂಗವನ್ನೂ ಮಲಗುವ ಮುನ್ನ ಮಾಡುವ ಒಂದು ಅಭ್ಯಾಸವನ್ನೂ ಹೇಳಿಕೊಟ್ಟೆವು. ತಂದೆಗೆ ಒಂದು ತಿಂಗಳು ತರಗತಿಯ ಹೊರಗೆ ಕಾಯುವಂತೆ ಸೂಚಿಸಿದೆವು. ಔಷಧ ಅಷ್ಟೇ. ಆರು ವಾರಗಳ ತರುವಾಯ ತಲೆನೋವು ತಿಂಗಳಿಗೆ ಒಂದೋ ಎರಡೋ ಸಲಕ್ಕೆ ಇಳಿದಿತ್ತು. ಕರಾಟೆಯನ್ನು ಅವಳು ಬಿಡಲಿಲ್ಲ, ಬಿಡಬೇಕಾಗಿಯೂ ಇರಲಿಲ್ಲ.

ಬೈಗುಳಕ್ಕಿಂತ ಹಳೆಯದಾದ ಭಯವೊಂದು ಪ್ರತಿಯೊಬ್ಬನ ಮೈಯಲ್ಲಿಯೂ ಇದೆ. ಅದು ಬೀಳುವ ಭಯ. ಬಿಗಿಯ ದೊಡ್ಡ ಪಾಲು ಇಲ್ಲಿಂದಲೇ ಬರುತ್ತದೆ ಎಂದು ನಾವು ತಿಳಿದಿದ್ದೇವೆ. ನಮ್ಮ ಹಿರಿಯರು ಗರಡಿಯ ಮಟ್ಟಿಯನ್ನು ಸಿದ್ಧಪಡಿಸುತ್ತಿದ್ದ ಕ್ರಮವನ್ನು ನೋಡಿರಿ. ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಶಿನ, ಕರ್ಪೂರಾದಿಗಳನ್ನು ಬೆರೆಸಿ, ಪ್ರತಿದಿನ ಗುದ್ದಲಿಯಿಂದ ಅಗೆದು ಸಡಿಲಿಸುತ್ತಿದ್ದರು. ಅಗೆಯುವುದೇ ಒಂದು ಸಾಮು. ಆ ಮೆತ್ತನೆಯ ಮಣ್ಣಿನಲ್ಲಿ ನೂರು ಸಲ ಬಿದ್ದೆದ್ದ ಹುಡುಗನಿಗೆ ಬೀಳುವುದು ಅವಮಾನವೂ ಅಲ್ಲ, ಅಪಾಯವೂ ಅಲ್ಲ ಎಂಬುದು ಮೈಗೇ ತಿಳಿಯುತ್ತಿತ್ತು. ಸಿಮೆಂಟಿನ ನೆಲದ ಮೇಲೆ ತೆಳುವಾದ ಚಾಪೆ ಹಾಸಿ ಪಟ್ಟು ಕಲಿಸುವ ಕೇಂದ್ರಗಳಲ್ಲಿ ಈ ಪಾಠ ಸಿಗುವುದಿಲ್ಲ.

ಜಪಾನಿನ ಜೂಡೋ ವಿದ್ಯೆಯು ಇದೇ ಪಾಠವನ್ನು ಕ್ರಮಬದ್ಧವಾಗಿ ಕಲಿಸುತ್ತದೆ. ಅದನ್ನು ರೂಪಿಸಿದ ಕಾನೊ ಜಿಗೊರೊ 1882ರಲ್ಲಿ ಟೋಕಿಯೋದ ಬೌದ್ಧ ದೇವಾಲಯವೊಂದರ ಆವರಣದಲ್ಲಿ ಕೆಲವೇ ಶಿಷ್ಯರೊಡನೆ ತನ್ನ ಶಾಲೆಯನ್ನು ಆರಂಭಿಸಿದನು. ಜೂ ಎಂದರೆ ಮೃದುವಾದುದು, ಮಣಿಯುವಂಥದು. ಅಲ್ಲಿ ಹೊಸ ವಿದ್ಯಾರ್ಥಿಯು ಎತ್ತಿ ಎಸೆಯುವುದಕ್ಕಿಂತ ಮೊದಲು ಬೀಳುವುದನ್ನು ಕಲಿಯುತ್ತಾನೆ. ಗದ್ದವನ್ನು ಎದೆಗೆ ತರುವುದು, ಇದರಿಂದ ತಲೆಯ ಹಿಂಭಾಗ ನೆಲಕ್ಕೆ ಬಡಿಯುವುದಿಲ್ಲ. ನೆಲ ತಾಗುವ ಹೊತ್ತಿಗೆ ಉಸಿರನ್ನು ಹೊರಬಿಡುವುದು. ಅಂಗೈ-ಮುಂದೋಳುಗಳನ್ನು ಒಟ್ಟಿಗೆ ನೆಲಕ್ಕೆ ಬಡಿದು ಪೆಟ್ಟನ್ನು ಹಂಚುವುದು. ಕೈಯನ್ನು ಕೋಲಿನಂತೆ ಊರಿ ಬೀಳುವವನ ಮಣಿಕಟ್ಟು ಮುರಿಯುತ್ತದೆ; ಇಂತಹ ಪ್ರಕರಣಗಳು ನಮ್ಮಲ್ಲಿಗೆ ಪ್ರತಿವರ್ಷವೂ ಬರುತ್ತವೆ. ಕುಸ್ತಿಯಾಗಲಿ ಕರಾಟೆಯಾಗಲಿ, ಮೊದಲ ತಿಂಗಳಲ್ಲಿ ಕುಕ್ಕರಗಾಲಿನಿಂದ ಹಿಂದಕ್ಕೆ ಉರುಳುವುದನ್ನೂ, ಆಮೇಲೆ ನಿಂತ ನಿಲುವಿನಿಂದ ಬೀಳುವುದನ್ನೂ ಬಲ್ಲವರ ಎದುರಿನಲ್ಲಿ ಕಲಿಯಬೇಕೆಂಬುದು ನಮ್ಮ ಸಲಹೆ. ಬೀಳಲು ಬಲ್ಲವನ ಹೆಗಲು ತಾನಾಗಿಯೇ ಇಳಿಯುತ್ತದೆ.

ಮಲ್ಲವಿದ್ಯೆಯನ್ನು ಶಾಸ್ತ್ರದಂತೆ ಬರೆದಿಟ್ಟ ಪರಂಪರೆ ನಮ್ಮ ನೆಲಕ್ಕೂ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲರ ಆಹಾರ, ಕಂಬದ ಅಭ್ಯಾಸ, ಭಾರ ಎತ್ತುವಿಕೆ, ಈಜು ಮೊದಲಾದ ಸಂಗತಿಗಳು ಬಂದಿವೆ. ಮಲ್ಲನ ದಿನಚರಿಯಲ್ಲಿ ಈಜಿಗೂ ಸ್ಥಾನವಿದ್ದುದು ನಮಗೆ ಬಹಳ ಮೆಚ್ಚಿಗೆಯಾದ ಸಂಗತಿ. ನೀರಿನಲ್ಲಿ ಮೈ ಬಿಗಿದವನು ಮುಳುಗತೊಡಗುತ್ತಾನೆ. ಬಿಗಿಯನ್ನು ಬಿಡಿಸುವುದಕ್ಕೆ ಅದಕ್ಕಿಂತ ನಿಷ್ಪಕ್ಷಪಾತಿಯಾದ ಗುರು ಇಲ್ಲ.

ಇನ್ನು ಅಭ್ಯಾಸದ ವಿಚಾರ. ಮೈ ಸಡಿಲಿಸು ಎಂದರೆ ಬಹುಮಂದಿಗೆ ಅದು ಸಾಧ್ಯವಾಗದು. ಏಕೆಂದರೆ ತಾವು ಬಿಗಿದಿದ್ದೇವೆ ಎಂಬುದೇ ಅವರಿಗೆ ತಿಳಿದಿರುವುದಿಲ್ಲ. ಆದ್ದರಿಂದ ಮೊದಲು ಬಿಗಿಯ ಅರಿವು ಬೇಕು. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ 1929ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೊಂದು ಮಾರ್ಗವನ್ನು ತೋರಿಸಿದನು. ಅದರ ಸರಳ ರೂಪವನ್ನೇ ನಾವು ಮೇಲಿನ ಬಾಲಕಿಗೂ ಹೇಳಿಕೊಟ್ಟದ್ದು. ರಾತ್ರಿ ಅಂಗಾತ ಮಲಗಿ, ಬಲಮುಷ್ಟಿಯನ್ನು ಐದಾರು ಎಣಿಸುವವರೆಗೆ ಬಿಗಿದು, ಆ ಬಿಗಿ ಹೇಗಿದೆ ಎಂದು ಗಮನಿಸಿ, ಒಮ್ಮೆಲೇ ಬಿಟ್ಟುಬಿಡಬೇಕು. ಬಿಟ್ಟ ಮೇಲಿನ ಹಗುರವನ್ನು ಇಪ್ಪತ್ತು ಎಣಿಸುವಷ್ಟು ಹೊತ್ತು ಅನುಭವಿಸಬೇಕು. ಹೀಗೆಯೇ ಎಡಮುಷ್ಟಿ, ತೋಳು, ಹೆಗಲು, ಹಣೆ, ದವಡೆ, ಹೊಟ್ಟೆ, ತೊಡೆ, ಮೀನಖಂಡ, ಪಾದ. ಹದಿನೈದು ನಿಮಿಷ ಸಾಕು. ಮೂರು ನಾಲ್ಕು ವಾರಗಳು ಕಳೆದರೆ ಕಣದಲ್ಲಿ ನಿಂತಾಗಲೂ ಹೆಗಲು ಏರಿದ್ದು ತಾನಾಗಿಯೇ ಗಮನಕ್ಕೆ ಬರತೊಡಗುತ್ತದೆ.

ಎರಡನೆಯದು ಉಸಿರು. ಒಳಗೆಳೆದುಕೊಳ್ಳುವಾಗ ಹೃದಯದ ಬಡಿತ ತುಸು ಚುರುಕಾಗುತ್ತದೆ, ಹೊರಬಿಡುವಾಗ ತುಸು ನಿಧಾನವಾಗುತ್ತದೆ. ನಾಡಿ ಹಿಡಿದು ಕುಳಿತರೆ ಯಾರಾದರೂ ಗುರುತಿಸಬಹುದು. ಹೀಗಾಗಿ ಜೋಡಿ ಹಿಡಿಯುವ ಮುನ್ನ ನಾಲ್ಕು ಎಣಿಕೆಗೆ ಒಳಗೆ, ಆರು ಅಥವಾ ಎಂಟು ಎಣಿಕೆಗೆ ಹೊರಗೆ, ಹತ್ತು ಸಲ ಉಸಿರಾಡಿದರೆ ಎದೆಯ ಡವಡವ ತಗ್ಗುತ್ತದೆ. ಬಸ್ಕಿಯಲ್ಲಿ ಇಳಿಯುವಾಗ ಉಸಿರು ಒಳಗೆ, ಏಳುವಾಗ ಹೊರಗೆ. ದಂಡೆಯಲ್ಲಿ ಮೈಯನ್ನು ಮೇಲೆತ್ತುವಾಗ ಹೊರಗೆ. ಶ್ರಮದ ಕ್ಷಣದಲ್ಲಿ ಉಸಿರು ಹೊರಹೋಗಬೇಕೆಂಬುದು ನೆನಪಿದ್ದರೆ ಉಳಿದುದನ್ನು ಮೈಯೇ ನೋಡಿಕೊಳ್ಳುತ್ತದೆ.

ಮೂರನೆಯದನ್ನು ವಸ್ತಾದರು ಮನಸ್ಸು ಮಾಡಿದರೆ ಮಾತ್ರ ನಡೆಸಬಹುದು. ವಾರದಲ್ಲಿ ಎರಡು ದಿನ ಗೆಲುವು-ಸೋಲುಗಳ ಎಣಿಕೆಯಿಲ್ಲದ ಅರ್ಧಬಲದ ಜೋಡಿಗಳನ್ನು ಬಿಡಬೇಕು, ಇಬ್ಬರೂ ಆಡುತ್ತಲೇ ಮಾತನಾಡುತ್ತಿರಬೇಕು. ಒಂದು ವಾಕ್ಯವನ್ನು ಪೂರ್ತಿಯಾಗಿ ಆಡಲು ಉಸಿರು ಸಾಲದೆ ಹೋದರೆ ಬಲ ಮಿತಿ ಮೀರಿದೆ ಎಂದರ್ಥ. ಹುಡುಗರು ಮೊದಮೊದಲು ನಗುತ್ತಾರೆ, ನಗಲಿ. ನಗುವವನ ದವಡೆ ಬಿಗಿದಿರುವುದಿಲ್ಲ.

ಸಾಮು ಮುಗಿದ ಮೇಲೆ ಸುಖವೆನಿಸುವಂತೆ ಮೈಯನ್ನು ಮರ್ದಿಸಬೇಕೆಂದು ವಾಗ್ಭಟರು ಹೇಳುತ್ತಾರೆ. ಬೆಚ್ಚಗಿನ ಎಳ್ಳೆಣ್ಣೆಯನ್ನು ಕುತ್ತಿಗೆ, ಹೆಗಲು, ಮೀನಖಂಡ, ಅಂಗಾಲುಗಳಿಗೆ ಹಚ್ಚಿ, ಇಪ್ಪತ್ತು ನಿಮಿಷ ಬಿಟ್ಟು ಬಿಸಿನೀರಿನ ಸ್ನಾನ ಮಾಡಿದರೆ ಸಾಕು. ದುಬಾರಿ ತೈಲಗಳೇ ಆಗಬೇಕೆಂದಿಲ್ಲ. ಜ್ವರ, ಅಜೀರ್ಣಗಳಿದ್ದಾಗ ಅಭ್ಯಂಗ ಬೇಡ. ಆಗತಾನೇ ಉಳುಕಿ ಬಾತ ಸಂದನ್ನು ಎಣ್ಣೆ ಹಾಕಿ ತಿಕ್ಕುವ ರೂಢಿ ನಮ್ಮಲ್ಲಿ ಬಲವಾಗಿದೆ, ಅದನ್ನು ಬಿಡಬೇಕು. ಮೊದಲ ಎರಡು ದಿನ ತಣ್ಣನೆಯ ಪಟ್ಟಿ ಮತ್ತು ವಿಶ್ರಾಂತಿ. ಬಾವು ಇಳಿದ ಮೇಲೆ ಎಣ್ಣೆ. ಅಶ್ವಗಂಧವನ್ನು ಕೊಡಬಹುದೇ ಎಂದು ತಂದೆತಾಯಿಗಳು ಕೇಳುತ್ತಾರೆ. ವೈದ್ಯರು ಪರೀಕ್ಷಿಸಿ ಹೇಳಿದರೆ ಹಾಲಿನೊಡನೆ ಕೊಡಬಹುದು. ಆದರೆ ಐದು ಗಂಟೆ ಮಾತ್ರ ಮಲಗುವ ಮಗುವಿಗೆ ಅಶ್ವಗಂಧಕ್ಕಿಂತ ಮೂರು ಗಂಟೆಯ ನಿದ್ರೆ ಹೆಚ್ಚು ಅಗತ್ಯ. ಟ್ಯೂಷನ್, ತರಬೇತಿ, ಮೊಬೈಲು ಮೂರನ್ನೂ ಒಂದೇ ದಿನದಲ್ಲಿ ತುರುಕಿ ಮಗು ಸಡಿಲವಾಗಿರಲಿ ಎಂದರೆ ಆಗದು.

ಹರೆಯದಲ್ಲಿ ಗದೆ ತಿರುಗಿಸಿದವರು ನಿವೃತ್ತರಾದ ಮೇಲೆ ಮರಳಿ ಗರಡಿಗೆ ಹೋಗುವ ಉತ್ಸಾಹ ತೋರುವುದುಂಟು. ಉತ್ಸಾಹ ಒಳ್ಳೆಯದೇ. ಆದರೆ ರಕ್ತದೊತ್ತಡ, ಹೃದಯ, ಸಕ್ಕರೆಗಳ ಪರೀಕ್ಷೆ ಆಗದೆ ಕಲ್ಲುಗುಂಡನ್ನು ಮುಟ್ಟಬಾರದು. ಒತ್ತಡದ ಮಾತ್ರೆ ಸೇವಿಸುವವರು ಉಸಿರು ಕಟ್ಟಿ ಭಾರ ಎತ್ತುವುದನ್ನೂ, ಬಲವಾಗಿ ಹಿಂಡಿ ಹಿಡಿಯುವುದನ್ನೂ ಪೂರ್ತಿ ಬಿಡಬೇಕು. ನಡಿಗೆ, ಉಸಿರಿನೊಡನೆ ಮಾಡುವ ನಿಧಾನವಾದ ಹತ್ತಿಪ್ಪತ್ತು ಬಸ್ಕಿ, ಹಗುರವಾದ ಗದೆಯ ಸುತ್ತುಗಳು ಅವರಿಗೆ ಸಾಕು. ಎದೆಯಲ್ಲಿ ಹಿಡಿತ, ಎಡತೋಳಿಗೋ ದವಡೆಗೋ ಹರಿಯುವ ನೋವು, ತಣ್ಣನೆಯ ಬೆವರು ಕಂಡರೆ ವಾಯು ಎಂದು ಶುಂಠಿ ಕಷಾಯ ಕುಡಿದು ಕೂರಬಾರದು. ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಹುಡುಗರ ವಿಷಯದಲ್ಲಿಯೂ ಒಂದು ಎಚ್ಚರಿಕೆಯನ್ನು ಹೇಳಲೇಬೇಕಾಗಿದೆ. ಮೊದಲ ದಿನವೇ ಪಂಥ ಕಟ್ಟಿ ಐನೂರು ಬಸ್ಕಿ ಹೊಡೆಯುವುದು, ತಪ್ಪಿಗೆ ಶಿಕ್ಷೆಯೆಂದು ನೂರಾರು ಬಸ್ಕಿ ಹೊಡೆಸುವುದು ಇಂದಿಗೂ ನಡೆದಿದೆ. ಅಭ್ಯಾಸವಿಲ್ಲದ ತೊಡೆಯ ಪೇಶಿಗಳು ಇದರಿಂದ ಒಡೆದು, ಅವುಗಳ ಅಂಶವು ರಕ್ತಕ್ಕೆ ಸೇರಿ, ಮೂತ್ರಪಿಂಡಗಳಿಗೆ ಹಾನಿಯಾಗಬಹುದು. ಬಿಸಿಲಿನಲ್ಲಿ, ನೀರು ಕುಡಿಯದೆ ಮಾಡಿದಾಗ ಅಪಾಯ ಇನ್ನೂ ಹೆಚ್ಚು. ಒಂದೆರಡು ದಿನಗಳಲ್ಲಿ ತೊಡೆಗಳು ಬಾತು ಮುಟ್ಟಗೊಡದಷ್ಟು ನೋಯುವುದು, ಮೂತ್ರವು ಕಪ್ಪು ಚಹದ ಬಣ್ಣಕ್ಕೆ ತಿರುಗುವುದು ಅಥವಾ ತೀರ ಕಡಿಮೆಯಾಗುವುದು ಇದರ ಲಕ್ಷಣ. ಇದಕ್ಕೆ ನಮ್ಮ ತೈಲವಾಗಲಿ ಕಷಾಯವಾಗಲಿ ಚಿಕಿತ್ಸೆಯಲ್ಲ. ಮೂತ್ರದ ಬಣ್ಣ ಬದಲಾದ ದಿನವೇ, ರಾತ್ರಿಯಾಗಿದ್ದರೆ ರಾತ್ರಿಯೇ, ರಕ್ತಪರೀಕ್ಷೆಯ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ಎಷ್ಟು ಬಸ್ಕಿ ಹೊಡೆದನೆಂಬುದನ್ನು ಮುಚ್ಚಿಡದೆ ಅಲ್ಲಿನ ವೈದ್ಯರಿಗೆ ಹೇಳಬೇಕು.